ಬಾಲದ ಮೂಳೆಯ ನೋವಿಗೆ ಶಸ್ತ್ರಚಿಕಿತ್ಸೆ ಯಾವಾಗ?



ನಮ್ಮ ಬೆನ್ನೆಲುಬಿನ ಕಟ್ಟಕಡೆಯ ತುದಿಯೇ ಬಾಲದ ಮೂಳೆ. 3ರಿಂದ 5 ಪುಟ್ಟ ಮೂಳೆಗಳು ಸೇರಿ ಆದದ್ದು. ಜಾರಿ ಕೂತ ಹಾಗೇ ಬಿದ್ದು ಇದಕ್ಕೆ ಪೆಟ್ಟಾದರೆ, ಆಮೇಲೆ ಕುಳಿತುಕೊಳ್ಳುವುದೇ ಶಿಕ್ಷೆ.

ಹೆಚ್ಚಿನವರಿಗೆ ಮೆತ್ತನೆಯ ದಿಂಬು, ಮಾತ್ರೆ, ವ್ಯಾಯಾಮ, ಚುಚ್ಚುಮದ್ದುಗಳಿಂದಲೇ ನೋವು ಶಮನವಾಗುತ್ತದೆ. ತಿಂಗಳುಗಟ್ಟಲೆ ಕಾದರೂ ಗುಣ ಕಾಣದಿದ್ದರೆ ಮಾತ್ರ ಮೂಳೆಯನ್ನು ತೆಗೆಯುವ ಯೋಚನೆ. ಅದಕ್ಕೆ ಮೊದಲು ನಿಂತಾಗ ಒಂದು, ಕುಳಿತಾಗ ಒಂದು ಎಕ್ಸ್-ರೇ ತೆಗೆದು ಹೋಲಿಸುವುದುಂಟು. ಕುಳಿತಾಗ ಮೂಳೆ ಅತಿಯಾಗಿ ಬಾಗಿದರೆ ಅಥವಾ ಸ್ಥಾನ ತಪ್ಪಿದರೆ, ಅಂಥವರಿಗೆ ಶಸ್ತ್ರಚಿಕಿತ್ಸೆ ಫಲಿಸುವ ಸಂಭವ ಹೆಚ್ಚು. ಆದರೆ ಗಾಯವು ಗುದದ್ವಾರಕ್ಕೆ ಸಮೀಪವಾದ್ದರಿಂದ ಸೋಂಕಿನ ಭಯವಿದೆ. ಪೂರ್ಣ ಉಪಶಮನಕ್ಕೆ ತಿಂಗಳುಗಳೇ ಬೇಕು.

ಆದ್ದರಿಂದ ಗೆಳೆಯ ಕೂರುವಾಗ ಹಿಂದಿನಿಂದ ಕುರ್ಚಿ ಎಳೆಯುವ ತಮಾಷೆ ಖಂಡಿತ ಬೇಡ.