ಮಕ್ಕಳ ಖರ್ಚಿನ ಲೆಕ್ಕ



ಹೋದ ವಾರ ಪಾಠ ಮುಗಿದ ಮೇಲೂ ಒಬ್ಬ ತಂಗಿ ಕೂತೇ ಇದ್ದಳು. ಗಂಡ ಬಿಟ್ಟು ಹೋಗಿ ಎರಡು ವರ್ಷ ಆಗಿದೆ. ಇಬ್ಬರು ಮಕ್ಕಳೂ ಇವಳ ಹತ್ತಿರವೇ ಇದ್ದಾರೆ. "ಮಕ್ಕಳ ಖರ್ಚಿಗೆ ತಿಂಗಳಿಗೆ ಐನೂರು ಕೊಡಲಿ ಅಂತ ಊರ ಹಿರಿಯರು ಹೇಳ್ಯಾರ್ರಿ. ಕಾನೂನಿನಾಗೂ ಅಷ್ಟ ಐತಂತ. ಹೌದೇನ್ರಿ ಟೀಚರ್?" ಎಂದು ಕೇಳಿದಳು.

ಅಲ್ಲ. ಅದು ಹಳೆಯ ಮಾತು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಲ್ಲಿ 500 ರೂಪಾಯಿಯ ಮಿತಿ ಇತ್ತು. 2001ರಲ್ಲಿ ಅದನ್ನು ತೆಗೆದುಹಾಕಿದರು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದಿದೆ. ಅದರ 144ನೇ ಕಲಮಿನಲ್ಲೂ ಮಿತಿ ಇಲ್ಲ. ಕಾನೂನು ಬದಲಾದರೂ ಊರ ಕಟ್ಟೆಯ ಮೇಲೆ ಐನೂರು ಹಾಗೇ ಕೂತಿದೆ ನೋಡಿ!

ಹಾಗಾದರೆ ಎಷ್ಟು? ಇಷ್ಟೇ ಎಂದು ಕಾನೂನು ಹೇಳಿಲ್ಲ. ಮಗುವಿನ ಊಟ, ಬಟ್ಟೆ, ಮನೆ, ಶಾಲೆ, ಔಷಧಿಗೆ ಎಷ್ಟು ಬೇಕು? ತಂದೆಯ ಆದಾಯ ಎಷ್ಟು? ತಾಯಿಗೂ ದುಡಿಮೆ ಇದ್ದರೆ ಅದು ಎಷ್ಟು? ಇದನ್ನೆಲ್ಲ ನೋಡಿ ಕೋರ್ಟು ತೀರ್ಮಾನ ಮಾಡುತ್ತದೆ.

2000ದಲ್ಲಿ ಸುಪ್ರೀಂ ಕೋರ್ಟು ಇಂಥದೇ ಒಂದು ಲೆಕ್ಕ ಮಾಡಿತು. ಆ ತಂದೆ ತಾಯಿ ಇಬ್ಬರೂ ನೌಕರಿಯಲ್ಲಿದ್ದರು. ತಂದೆಯ ಸಂಬಳ ಹೆಚ್ಚು, ಸುಮಾರು ಎರಡರಷ್ಟು. ಒಂದು ಮಗುವಿಗೆ ತಿಂಗಳಿಗೆ 3,000 ರೂಪಾಯಿ ಬೇಕು ಎಂದಿತು ಕೋರ್ಟು. ಅದರಲ್ಲಿ ಎರಡು ಪಾಲು ತಂದೆಯದು, ಒಂದು ಪಾಲು ತಾಯಿಯದು. ಅಂದರೆ ತಂದೆ 2,000, ತಾಯಿ 1,000. ಇದು ಅವರ ಮನೆಯ ಲೆಕ್ಕ. ಕೂಲಿಗೆ ಹೋಗುವ ತಾಯಿಯ ಪಾಲು ಇನ್ನೂ ಕಡಿಮೆ ಆಗಬಹುದು.

"ನನಗೆ ಆದಾಯವೇ ಇಲ್ಲ" ಅಂತ ಗಂಡ ಅಂದರೆ? ಬಾಯಿಮಾತು ಸಾಲದು. ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ, ಖರ್ಚು ಎಲ್ಲವನ್ನೂ ಪ್ರಮಾಣ ಪತ್ರದಲ್ಲಿ ಬರೆದುಕೊಡಬೇಕು. 2020ರಲ್ಲಿ ಸುಪ್ರೀಂ ಕೋರ್ಟು ಹೀಗೆ ಹೇಳಿದೆ. ಇನ್ನೊಂದು ಮಾತನ್ನೂ ಹೇಳಿದೆ. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದ ಎಣಿಸಬೇಕು. ಗಂಡ ಬಿಟ್ಟುಹೋದ ದಿನದಿಂದ ಅಲ್ಲ. ಈ ತಂಗಿ ಎರಡು ವರ್ಷ ಸುಮ್ಮನೆ ಕಾದಳಲ್ಲ, ಅದನ್ನು ನೆನೆದು ನಮಗೆ ಹೊಟ್ಟೆ ಉರಿಯಿತು.

ವಕೀಲರ ಫೀಸಿಗೆ ಹೆದರಬೇಡಿ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೆ ಅಲ್ಲಿ ವಕೀಲರ ನೆರವು ಉಚಿತ. ಆದಾಯ ಎಷ್ಟೇ ಇರಲಿ, ಕೊಡುತ್ತಾರೆ.

ಈ ವಾರ ಆ ತಂಗಿ ಮಕ್ಕಳ ಖರ್ಚಿನ ಪಟ್ಟಿ ತಂದಿದ್ದಳು. ತಾನೇ ಬರೆದದ್ದು. ಅಕ್ಕಿ, ಬೇಳೆ, ಹಾಲು, ನೋಟುಬುಕ್ಕು, ಚಪ್ಪಲಿ, ಜ್ವರದ ಔಷಧಿ. ಮನೆ ಬಾಡಿಗೆ ಮಾತ್ರ ಇರಲಿಲ್ಲ.

"ಅದು ನನ್ನ ಖರ್ಚಲ್ಲೇನ್ರಿ?" ಎಂದಳು.

"ಮಕ್ಕಳು ಎಲ್ಲಿ ಮಲಗ್ತಾರೆ?" ಎಂದು ಕೇಳಿದೆವು.

ನಕ್ಕು, ಬಾಡಿಗೆಯನ್ನೂ ಬರೆದುಕೊಂಡಳು.