ದೀಕ್ಷಾಸ್ನಾನದ ಮರುದಿನ



ಮಂಗಳೂರಿನ ಕಡೆ ಹಳೆಯ ಮನೆ ಕೆಡಹುವಾಗ, ಮಾಡಿನಿಂದ ಇಳಿಸಿದ ಹೆಂಚನ್ನು ಮಗುಚಿ ನೋಡಿ. ಕೆಲವದರಲ್ಲಿ ಬಾಸೆಲ್ ಮಿಷನ್ ಹೆಸರಿನ ಅಚ್ಚು, ಜೊತೆಗೆ 1865 ಎಂಬ ಇಸವಿ ಕಾಣುತ್ತದೆ. ಸುವಾರ್ತೆ ಸಾರಲು ಬಂದ ಪಾದ್ರಿಗಳಿಗೆ ಹೆಂಚು ಸುಡುವ ಕೆಲಸ ಯಾಕೆ ಬೇಕಾಯಿತು?

1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಹುಟ್ಟಿದ ಈ ಸಂಸ್ಥೆಯ ಮೂವರು, ಅಂದರೆ ಹೆಬಿಕ್, ಲೇನರ್ ಮತ್ತು ಗ್ರೈನರ್, 1834ರಲ್ಲಿ ಮಂಗಳೂರಿಗೆ ಬಂದರು. ಮಿಷನ್ನಿಗೆ ಸೇರುತ್ತಿದ್ದವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವುರ್ಟೆಂಬರ್ಗಿನ ಕಡೆಯ ರೈತರ, ಕುಶಲಕರ್ಮಿಗಳ ಮಕ್ಕಳು. ಕ್ರೈಸ್ತ ಮನೆಯಲ್ಲಿ ಹುಟ್ಟಿದ ಮಾತ್ರಕ್ಕೆ ಯಾರೂ ಕ್ರೈಸ್ತರಾಗುವುದಿಲ್ಲ, ಪ್ರತಿಯೊಬ್ಬನೂ ತಾನೇ ಪಾಪವೊಪ್ಪಿ ದೇವರ ಕಡೆಗೆ ತಿರುಗಬೇಕು ಎಂಬುದು ಅವರ ಪಯಟಿಸ್ಟ್ ಪಂಥದ ಗಟ್ಟಿ ನಂಬಿಕೆ. ಅವರು ಬಂದಿಳಿದ ತುಳುನಾಡಾದರೋ ಕುಟುಂಬದ ದೈವ, ಗ್ರಾಮದ ದೈವ ಎಂದು ನಡೆದುಕೊಳ್ಳುವ ನಾಡು. ಇಲ್ಲಿ ದೈವಕ್ಕೆ ಕೈಮುಗಿಯುವುದು ಒಬ್ಬನ ಇಷ್ಟಾನಿಷ್ಟದ ಮಾತಾಗಿರಲಿಲ್ಲ. ಮನೆಯವರೆಲ್ಲ ಒಂದು ಕಡೆ ನಿಂತಾಗ ಒಬ್ಬನೇ ಎದ್ದುಹೋಗುವುದೆಂದರೆ ಏನೆಂದು ಊಹಿಸಿಕೊಳ್ಳಿ.

1844ರ ಜನವರಿಯಲ್ಲಿ ಹಾಗೆ ಎದ್ದುಹೋದವರಲ್ಲಿ ಆನಂದರಾವ್ ಕೌಂಡಿನ್ಯ ಒಬ್ಬರು. ಸಾರಸ್ವತ ಬ್ರಾಹ್ಮಣ ಮನೆತನದವರು, ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದರು, ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಊರು ಕುದಿಯಿತು. ಕೌಂಡಿನ್ಯರು ಹಿಂದೆ ಸರಿಯಲಿಲ್ಲ. ಹರ್ಮನ್ ಎಂಬ ಹೆಸರು ಪಡೆದು ಬಾಸೆಲ್‌ಗೆ ಹೋಗಿ ಕಲಿತು, 1851ರಲ್ಲಿ ಪಾದ್ರಿಯಾಗಿ ಮರಳಿದರು. ಕಲಿತವರಾದ್ದರಿಂದ ಅವರಿಗೆ ಕೆಲಸವಿತ್ತು, ಸ್ಥಾನವಿತ್ತು.

ಕ್ರೈಸ್ತ ಸಭೆಗೆ ಸೇರಿದವರಲ್ಲಿ ಬಹುಪಾಲು ಜನರಿಗೆ ಇದ್ಯಾವುದೂ ಇರಲಿಲ್ಲ. ಅವರು ಬಿಲ್ಲವರು, ಹಲವರ ಕಸುಬು ಮೂರ್ತೆಗಾರಿಕೆ, ಅಂದರೆ ಮರದಿಂದ ಕಳ್ಳು ಇಳಿಸುವುದು. ಮಿಷನ್ನಿನವರಿಗೆ ಕಳ್ಳು ಎಂದರೆ ಆಗದು. ಹಾಗಾಗಿ ದೀಕ್ಷಾಸ್ನಾನವಾದ ಮರುದಿನ ಮೂರ್ತೆಯ ಕತ್ತಿಯನ್ನೂ ಕೆಳಗಿಡಬೇಕು, ತಾಳೆಮರಕ್ಕೆ ಮತ್ತೆ ಹತ್ತುವಂತಿಲ್ಲ. ಹಕ್ಕು ತಾಯಿಯ ಕಡೆಯಿಂದ ಸಾಗುವ ಅಳಿಯಸಂತಾನದ ಕುಟುಂಬದಲ್ಲಿ ಆಸ್ತಿ ಎಲ್ಲರಿಗೂ ಸೇರಿದ್ದು. ಧರ್ಮ ಬಿಟ್ಟವನ ಆಸ್ತಿಹಕ್ಕು ಹೋಗದು ಎಂದು 1850ರಲ್ಲಿ ಕಂಪನಿ ಸರಕಾರ ಕಾನೂನು ಮಾಡಿತು ನಿಜ. ಆದರೆ ಕಾನೂನು ಹಿಡಿದುಕೊಂಡು ಮನೆಯ ಯಜಮಾನನಾದ ಸೋದರಮಾವನ ಎದುರು ನಿಲ್ಲುವ ಧೈರ್ಯ ಎಷ್ಟು ಜನರಿಗಿದ್ದೀತು! ದೇವರು ಸಿಕ್ಕಿದ, ಊಟದ ಪಂಕ್ತಿ ತಪ್ಪಿತು.

ಮಿಷನ್ನಿನ ನೇಯ್ಗೆ, ಹೆಂಚು ಎಲ್ಲ ಬೆಳೆದದ್ದು ಈ ಸಂಕಟದಿಂದ. 1851ರಲ್ಲಿ ಬಂದ ಹಾಲರ್ ಎಂಬ ನೇಕಾರ ಮಗ್ಗಗಳನ್ನು ಸುಧಾರಿಸಿದ. ಖಾಕಿ ಬಣ್ಣ ಅವನ ಕೈಯಲ್ಲೇ ಹುಟ್ಟಿತೆಂಬ ಮಾತು ಮಂಗಳೂರಿನಲ್ಲಿ ಈಗಲೂ ಇದೆ. 1865ರಲ್ಲಿ ಮಿಷನ್ನಿನ ಪ್ಲೆಬ್ಸ್ಟ್ ಎಂಬವನು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ. ನೇತ್ರಾವತಿ ದಂಡೆಯ ಜೇಡಿಮಣ್ಣು ಹದವಾಗಿ ಕಲಸಿ, ಅಚ್ಚಿನಲ್ಲೊತ್ತಿ, ನೆರಳಲ್ಲಿ ಒಣಗಿಸಿ, ಸುಡುವ ಕೆಲಸ. ನಿನ್ನೆಯವರೆಗೆ ಬೇರೆ ಬೇರೆ ಜಾತಿಯಲ್ಲಿದ್ದವರು ಅಲ್ಲಿ ಒಟ್ಟಿಗೆ ದುಡಿದರು, ಭಾನುವಾರ ಕರ್ತನ ಭೋಜನಕ್ಕೆ ಒಟ್ಟಿಗೆ ಕುಳಿತರು.

ನನಗೆ ಇದರಲ್ಲಿ ಒಂದು ತಕರಾರೂ ಇದೆ. ಸಂಬಳ ಕೊಡುವವರೇ ನಡತೆಯನ್ನೂ ವಿಚಾರಿಸುವವರಾದರೆ, ದುಡಿಯುವವನು ಮನಸ್ಸಿನ ಸಂದೇಹವನ್ನು ಬಾಯಿಬಿಟ್ಟು ಹೇಳಲಾರ. ಸ್ವಂತ ಮನಸ್ಸಿನ ತೀರ್ಮಾನವೇ ಮುಖ್ಯವೆಂದು ಸಾರಿದ ಸಭೆಗೆ ಇದು ಸಣ್ಣ ತೊಡಕಲ್ಲ. ಎರಡನೆಯ ತಲೆಮಾರಿನಲ್ಲಿ ಪ್ರಶ್ನೆ ಇನ್ನೊಂದು ರೀತಿಯಲ್ಲಿ ಎದ್ದಿತು. ಮಕ್ಕಳು ಹುಟ್ಟುತ್ತಲೇ ಸಭೆಯವರು, ಅವರೇನೂ ಬಿಟ್ಟುಬಂದವರಲ್ಲ. ಶಿಶುವಾಗಿದ್ದಾಗ ದೀಕ್ಷಾಸ್ನಾನ ಪಡೆದವರು ಬೆಳೆದ ಮೇಲೆ ಪಾಠ ಕಲಿತು, ಸಭೆಯೆದುರು ನಿಂತು, ತಮ್ಮ ಬಾಯಿಂದಲೇ ನಂಬಿಕೆ ಒಪ್ಪಿಕೊಳ್ಳುವ ದೃಢೀಕರಣ ಇರುವುದು ಇದಕ್ಕೇ.

ನಿಜವಾದ ಪರೀಕ್ಷೆ ಬಂದದ್ದು ಮೊದಲ ಮಹಾಯುದ್ಧದಲ್ಲಿ. ಬ್ರಿಟಿಷ್ ಸರಕಾರ ಜರ್ಮನ್ ಪಾದ್ರಿಗಳನ್ನು ಬಂಧನದಲ್ಲಿಟ್ಟು ಆಮೇಲೆ ದೇಶದಿಂದ ಕಳಿಸಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು. ಸಂಬಳಕ್ಕಾಗಿ ಸೇರಿದವರು ಚದುರುತ್ತಾರೆ ಎಂದು ಆಡಿಕೊಳ್ಳುತ್ತಿದ್ದವರಿಗೆ ಅದು ಉತ್ತರದ ಹೊತ್ತು. ಸಭೆ ಚದುರಲಿಲ್ಲ. 1947ರಲ್ಲಿ ದಕ್ಷಿಣ ಕನ್ನಡದ ಬಾಸೆಲ್ ಮಿಷನ್ ಸಭೆಗಳು ದಕ್ಷಿಣ ಭಾರತ ಸಭೆಯಲ್ಲಿ ಸೇರಿದವು.

ಈ ಚರಿತ್ರೆಯ ಬಹುಭಾಗ ನಮಗೆ ತಿಳಿದಿರುವುದು ಪಾದ್ರಿಗಳು ಬಾಸೆಲ್‌ಗೆ ಬರೆದ ಪತ್ರ, ವರದಿಗಳಿಂದ. ಮೂರ್ತೆ ಬಿಟ್ಟವನ ಹೆಂಡತಿ ಆ ದಿನ ಏನೆಂದಳೋ ಅವುಗಳಲ್ಲಿ ಹುಡುಕಿದರೆ ಸಿಗುವುದು ಕಷ್ಟ. ನಿಮ್ಮ ಮನೆಯ ಅಟ್ಟದಲ್ಲಿ ಹಿರಿಯರ ಕಾಗದಪತ್ರ, ಹೆಸರು ಬರೆದಿಟ್ಟ ಹಳೆಯ ಬೈಬಲ್, ಕಾರ್ಖಾನೆಯ ಫೋಟೋ ಏನಾದರೂ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನ ಪತ್ರಾಗಾರದವರಿಗೆ ಒಮ್ಮೆ ತೋರಿಸಿ.