ತಡವಾಗಿ ಬಂದ ಚಿನ್ನ



ನಾವು ಕೊಡ ಹೊರುತ್ತೇವೆ, ಸೌದೆ ಹೊರುತ್ತೇವೆ. ನಮ್ಮ ತೋಳಿಗೆ ಬಲ ಇಲ್ಲ ಅಂದವರು ಯಾರು? ಇವತ್ತು ತೋಳಿನ ಬಲದಿಂದಲೇ ಹೆಸರಾದ ಒಬ್ಬ ಹೆಣ್ಣುಮಗಳ ಕಥೆ ಹೇಳ್ತೀವಿ. ಅವರ ಹೆಸರು ವ್ಯಾಲೆರಿ ಆಡಮ್ಸ್. ದೂರದ ನ್ಯೂಜಿಲೆಂಡ್ ದೇಶದವರು.

ಅವರ ಆಟ ಗುಂಡು ಎಸೆತ. ಗುಂಡಿನ ತೂಕ ನಾಲ್ಕು ಕಿಲೋ. ಅದನ್ನು ಕುತ್ತಿಗೆಗೆ ಒತ್ತಿ ಹಿಡಿದು, ಒಂದೇ ಕೈಯಲ್ಲಿ ಮುಂದಕ್ಕೆ ನೂಕಬೇಕು. ಚೆಂಡಿನ ಹಾಗೆ ಬೀಸಿ ಎಸೆಯೋ ಹಾಗಿಲ್ಲ.

2000ನೇ ಇಸವಿಯಲ್ಲಿ ತಾಯಿ ತೀರಿಕೊಂಡರು. ಹುಡುಗಿಗೆ ಇನ್ನೂ ಹದಿನಾರು ತುಂಬಿರಲಿಲ್ಲ. ಆದರೂ ಆಟ ಬಿಡಲಿಲ್ಲ. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್ ನಡೆಯಿತು. ನಾಲ್ಕು ವರ್ಷಕ್ಕೊಮ್ಮೆ ನಡೆಯೋ ದೊಡ್ಡ ಪಂದ್ಯ ಅದು. ಅಲ್ಲಿ 20.56 ಮೀಟರ್ ದೂರ ಎಸೆದು ಚಿನ್ನದ ಪದಕ ಗೆದ್ದರು.

2012ರಲ್ಲಿ ಲಂಡನ್ ಒಲಿಂಪಿಕ್ಸ್. ಬೆಲಾರುಸ್ ದೇಶದ ಆಟಗಾರ್ತಿ ಇನ್ನೂ ದೂರ ಎಸೆದರು. ವ್ಯಾಲೆರಿಗೆ ಬೆಳ್ಳಿ. ಒಂದು ವಾರ ಕಳೀತು. ಗೆದ್ದವರು ತಗೊಳ್ಳಬಾರದ ಮದ್ದು ತಗೊಂಡಿದ್ದು ಪರೀಕ್ಷೆಯಲ್ಲಿ ಗೊತ್ತಾಯ್ತು! ಚಿನ್ನ ವ್ಯಾಲೆರಿಗೆ ಬಂತು. ಆದರೆ ತುಂಬಿದ ಮೈದಾನದಲ್ಲಿ ಚಿನ್ನ ಹಾಕಿಸಿಕೊಳ್ಳೋ ಆ ಗಳಿಗೆ? ಅದನ್ನು ಯಾರು ತಂದುಕೊಡ್ತಾರೆ? ಸೆಪ್ಟೆಂಬರ್ ತಿಂಗಳಲ್ಲಿ ಆಕ್ಲೆಂಡ್ ಊರಿನಲ್ಲಿ, ತಮ್ಮ ಜನರ ಎದುರು ಆ ಪದಕ ಹಾಕಿಸಿಕೊಂಡರು.

2017ರಲ್ಲಿ ಮಗಳು ಹುಟ್ಟಿದಳು, 2019ರಲ್ಲಿ ಮಗ. ಇನ್ನು ಆಟ ಮುಗೀತು ಅಂತ ನಾವಾದರೆ ಅಂದುಕೊಳ್ಳುತ್ತಿದ್ದೆವು. ಅವರು ಮತ್ತೆ ಗುಂಡು ಹಿಡಿದರು. 2021ರಲ್ಲಿ ಟೋಕಿಯೋದಲ್ಲಿ ಕಂಚು ಗೆದ್ದರು. ಆಗ ವಯಸ್ಸು 36. ಮಕ್ಕಳಿಬ್ಬರೂ ಊರಲ್ಲೇ ಇದ್ದರು. ಅವರ ಫೋಟೋ ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು.

ಮರುವರ್ಷ ಆಟದಿಂದ ನಿವೃತ್ತರಾದರು.